ಎರಡು ಡಬ್ಬಿ, ಒಂದೇ ಹೆಸರು: ಶೇ 1ರ ಗೆರೆಯನ್ನು ಹುಡುಕುವುದು ಹೇಗೆ?

ಪ್ರಶ್ನೆ: ನನಗೆ 38 ವರ್ಷ, ಶಿವಮೊಗ್ಗದಲ್ಲಿ ಪ್ರೌಢಶಾಲಾ ಶಿಕ್ಷಕಿ. ಎರಡನೆಯ ಹೆರಿಗೆಯ ನಂತರ ಎರಡೂ ಕೆನ್ನೆಗಳ ಮೇಲೆ ಬಂಗು ಎದ್ದಿದೆ. ನನ್ನ ಬಳಿ 349 ರೂಪಾಯಿ ಬೆಲೆಯ 30 ಮಿ.ಲೀ. ಸೀರಮ್ ಒಂದು, 1,450 ರೂಪಾಯಿ ಬೆಲೆಯ 50 ಗ್ರಾಂ ಕ್ರೀಮ್ ಒಂದು ಇವೆ. ಎರಡರ ಮುಂಭಾಗದಲ್ಲೂ ‘ನಿಯಾಸಿನಮೈಡ್’ ಎಂದು ದೊಡ್ಡದಾಗಿ ಬರೆದಿದೆ; ಅದು ಕಲೆ ತಿಳಿಯಾಗಿಸಲು ಬಳಸುವ ಬಿ3 ಜೀವಸತ್ವದ ಒಂದು ರೂಪವಂತೆ. ಒಳಗಿರುವುದು ಒಂದೇ ಆದರೆ ಬೆಲೆಯಲ್ಲಿ ಇಷ್ಟು ಅಂತರವೇಕೆ? ಮೊಬೈಲ್ ಆ್ಯಪ್‌ನಲ್ಲಿ ಪರೀಕ್ಷಿಸಿದಾಗ ಕ್ರೀಮಿನ ‘ಸೀಟರಿಲ್ ಆಲ್ಕೊಹಾಲ್’ ಮತ್ತು ಎರಡರಲ್ಲೂ ಇರುವ ‘ಫಿನಾಕ್ಸಿಎಥನಾಲ್’ ಕೆಂಪು ಗುರುತು ಪಡೆದವು. ನನ್ನ ನಾದಿನಿ ಒಂದು ವರ್ಷದಿಂದ ಹಚ್ಚುತ್ತಿರುವ ಟ್ಯೂಬೊಂದನ್ನು ನನಗೂ ಕೊಟ್ಟಿದ್ದಾರೆ. ಅದರ ಮೇಲೆ ಮಾತ್ರ ‘ಹೈಡ್ರೋಕ್ವಿನೋನ್ ಶೇ 2, ಟ್ರೆಟಿನಾಯಿನ್ ಶೇ 0.025, ಮೊಮೆಟಾಸೋನ್ ಶೇ 0.1’ ಎಂದು ಲೆಕ್ಕಸಮೇತ ಬರೆದಿದೆ. ಹೀಗೆ ಲೆಕ್ಕ ಕೊಟ್ಟವರೇ ಹೆಚ್ಚು ಪ್ರಾಮಾಣಿಕರಲ್ಲವೇ? ಮೂರರ ಘಟಕಗಳ ಪಟ್ಟಿಯ ಚಿತ್ರಗಳನ್ನೂ ಕಳುಹಿಸಿದ್ದೇನೆ.

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದವುಗಳ ಉತ್ತರ ಒಂದು ವಾರ ತಡವಾದರೂ ನಿಮಗೆ ನಷ್ಟವಿಲ್ಲ. ಮೂರನೆಯ ಟ್ಯೂಬಿನ ಮೇಲೆ ಪ್ರಮಾಣ ಬರೆದಿರುವುದಕ್ಕೂ ತಯಾರಕರ ಪ್ರಾಮಾಣಿಕತೆಗೂ ಸಂಬಂಧವಿಲ್ಲ. ಅದು ಸೌಂದರ್ಯವರ್ಧಕವೇ ಅಲ್ಲ, ಔಷಧ. ಔಷಧದ ಲೇಬಲ್ಲಿನಲ್ಲಿ ಕೆಲಸ ಮಾಡುವ ಘಟಕ ಎಷ್ಟಿದೆ ಎಂಬುದನ್ನು ಬರೆಯುವುದು ಕಡ್ಡಾಯ. ಸೌಂದರ್ಯವರ್ಧಕಗಳಿಗೆ ಆ ಕಟ್ಟಳೆ ಇಲ್ಲದಿರುವುದರಿಂದಲೇ ನಿಮ್ಮ ಉಳಿದೆರಡು ಡಬ್ಬಿಗಳ ವಿಷಯದಲ್ಲಿ ನಾವು ಇಷ್ಟು ಊಹೆ ಮಾಡಬೇಕಾಗಿದೆ.

ಆ ಮೂರು ಹೆಸರುಗಳಲ್ಲಿ ಹೈಡ್ರೋಕ್ವಿನೋನ್ ಚರ್ಮದ ಬಣ್ಣ ತಿಳಿಯಾಗಿಸುವ ಔಷಧ, ಟ್ರೆಟಿನಾಯಿನ್ ಎ ಜೀವಸತ್ವದ ಬಳಗದ್ದು, ಮೊಮೆಟಾಸೋನ್ ಎಂಬುದು ಸ್ಟೀರಾಯ್ಡ್. ಚರ್ಮರೋಗ ತಜ್ಞರು ಇಂಥ ಮೂರರ ಮಿಶ್ರಣವನ್ನು ಬಂಗಿಗೆ ಬರೆದುಕೊಡುವುದುಂಟು; ಆದರೆ ಕೆಲವೇ ವಾರಗಳ ಮಟ್ಟಿಗೆ, ನಡುನಡುವೆ ಮುಖವನ್ನು ತಾವೇ ನೋಡುತ್ತ. ಮೊದಲ ಕೆಲವು ವಾರಗಳಲ್ಲಿ ಮುಖ ಬೆಳ್ಳಗಾಗಿ ನುಣುಪಾಗುವುದನ್ನು ಕಂಡ ಜನ ಅದನ್ನು ವರ್ಷಗಟ್ಟಲೆ ಹಚ್ಚುತ್ತಾರೆ, ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾರೆ. ಆಮೇಲೆ ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳು ಕಾಣತೊಡಗುತ್ತವೆ, ಮೊಡವೆ ಮತ್ತು ಕೂದಲು ಹೆಚ್ಚುತ್ತವೆ, ಒಂದು ದಿನ ಬಿಟ್ಟರೂ ಉರಿ ಶುರುವಾಗುತ್ತದೆ. ಈ ಹಾವಳಿ ನಮ್ಮ ದೇಶದಲ್ಲಿ ಎಷ್ಟಿದೆಯೆಂದರೆ ಚರ್ಮರೋಗ ತಜ್ಞರು ಇಂಥ ಮುಖಕ್ಕೆ ಪ್ರತ್ಯೇಕ ಹೆಸರನ್ನೇ ಇಟ್ಟಿದ್ದಾರೆ, ಮತ್ತು 2018ರಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಷೆಡ್ಯೂಲ್ ಎಚ್ ಅಡಿಗೆ ತಂದಿತು. ನೀವು ಅದನ್ನು ಹಚ್ಚಲೇಬೇಡಿ. ನಿಮ್ಮ ನಾದಿನಿಗೆ ಮಾತ್ರ ‘ಇವತ್ತೇ ಬಿಟ್ಟುಬಿಡಿ’ ಎಂದು ಹೇಳಿ ಸುಮ್ಮನಾಗಬೇಡಿ. ಒಂದು ವರ್ಷದ ನಂತರ ಒಮ್ಮೆಲೇ ನಿಲ್ಲಿಸಿದರೆ ಮುಖ ಉರಿದು ಕೆಂಪಾಗಬಹುದು, ಆಗ ಅವರು ಗಾಬರಿಯಿಂದ ಮತ್ತೆ ಅದನ್ನೇ ಹಚ್ಚುತ್ತಾರೆ. ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಚರ್ಮರೋಗ ತಜ್ಞರ ಬಳಿಗೆ ಹೋಗಲಿ. ಗರ್ಭಿಣಿಯರು ಅಥವಾ ಗರ್ಭ ಧರಿಸುವ ಯೋಚನೆಯಲ್ಲಿರುವವರು ಟ್ರೆಟಿನಾಯಿನ್ ಇರುವ ಯಾವುದನ್ನೂ ಮುಟ್ಟಬಾರದು ಎಂಬುದನ್ನೂ ತಿಳಿಸಿ.

ಇನ್ನು ಪಟ್ಟಿ ಓದುವ ಕೆಲಸಕ್ಕೆ ಬರೋಣ. ನಮ್ಮಲ್ಲಿ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ, ಶೇ 1ಕ್ಕಿಂತ ಹೆಚ್ಚಿರುವ ಘಟಕಗಳನ್ನು ಹೆಚ್ಚಿನದರಿಂದ ಕಡಿಮೆಯದಕ್ಕೆ ಇಳಿಯುವ ಕ್ರಮದಲ್ಲಿ ಬರೆಯಬೇಕು. ಶೇ 1 ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಅವುಗಳ ನಂತರ, ತಯಾರಕರು ತಮಗೆ ಇಷ್ಟಬಂದ ಕ್ರಮದಲ್ಲಿ ಬರೆಯಬಹುದು. ಯುರೋಪು, ಅಮೆರಿಕಗಳಲ್ಲೂ ಹೆಚ್ಚುಕಡಿಮೆ ಇದೇ ರೀತಿ. ಚಿಕ್ಕ ಪೊಟ್ಟಣಗಳಿಗೆ ಇದರಿಂದ ವಿನಾಯಿತಿ ಇರುವುದರಿಂದ ಐದು ರೂಪಾಯಿಯ ಸ್ಯಾಷೆಯಲ್ಲಿ ಪಟ್ಟಿ ಸಿಗದಿದ್ದರೆ ಅದನ್ನೇ ಮೋಸ ಎನ್ನಬೇಕಾಗಿಲ್ಲ. ಇಡೀ ಪಟ್ಟಿಯ ಗುಟ್ಟು ‘ಇಷ್ಟಬಂದ ಕ್ರಮ’ ಎಂಬ ಆ ಎರಡು ಪದಗಳಲ್ಲಿದೆ. ಶೇ 0.9 ಇರುವುದೂ ಶೇ 0.001 ಇರುವುದೂ ಅಲ್ಲಿ ಅಕ್ಕಪಕ್ಕ ಕೂರಬಹುದು; ಕೇಳಿದೊಡನೆ ಗ್ರಾಹಕರ ಕಣ್ಣರಳುವ ಹೆಸರನ್ನು ಆ ಸಾಲಿನ ಮುಂದಕ್ಕೆ ತಂದು ಕೂರಿಸುವುದೂ ಕಾನೂನುಬದ್ಧವೇ.

ಹಾಗಾಗಿ ಎರಡು ಡಬ್ಬಿಗಳನ್ನು ಹೋಲಿಸುವಾಗ ಮೊದಲು ಹುಡುಕಬೇಕಾದದ್ದು ಈ ಶೇ 1ರ ಗೆರೆಯನ್ನು. ಗೆರೆ ಎಲ್ಲಿದೆಯೆಂದು ಯಾರೂ ಬರೆದಿರುವುದಿಲ್ಲ, ಆದರೆ ಕೆಲವು ಘಟಕಗಳು ಮೈಲಿಗಲ್ಲಿನ ಹಾಗೆ ದಾರಿ ತೋರಿಸುತ್ತವೆ. ನಿಮ್ಮ ಆ್ಯಪ್ ಕೆಂಪು ಗುರುತು ಹಾಕಿದ ಫಿನಾಕ್ಸಿಎಥನಾಲ್ ಅಂಥ ಮೈಲಿಗಲ್ಲುಗಳಲ್ಲಿ ಅತ್ಯಂತ ಉಪಯುಕ್ತವಾದದ್ದು. ಅದು ಕ್ರೀಮು ಕೆಡದಂತೆ ಕಾಯುವ ಸಂರಕ್ಷಕ. ಯುರೋಪಿನ ನಿಯಮದಲ್ಲಿ ಅದರ ಗರಿಷ್ಠ ಮಿತಿ ಶೇ 1, ಬೇರೆ ಕಡೆಗಳ ತಯಾರಕರೂ ಸಾಮಾನ್ಯವಾಗಿ ಆ ಮಿತಿಯೊಳಗೇ ಇರುತ್ತಾರೆ. ಬಣ್ಣಗಳನ್ನು ಬಿಟ್ಟರೆ, ಅದರ ನಂತರ ಬರುವ ಪ್ರತಿಯೊಂದು ಹೆಸರೂ ಶೇ 1ರ ಒಳಗಿನದು ಎಂದು ಧೈರ್ಯವಾಗಿ ಹೇಳಬಹುದು. ಇದನ್ನು ತಿರುಗಿಸಿ ಓದಬೇಡಿ: ಅದಕ್ಕಿಂತ ಮೊದಲು ಬಂದದ್ದೆಲ್ಲ ಶೇ 1ಕ್ಕಿಂತ ಹೆಚ್ಚೇ ಇರಬೇಕೆಂದೇನೂ ಇಲ್ಲ, ಏಕೆಂದರೆ ಗೆರೆಯ ಕೆಳಗಿನವುಗಳ ಕ್ರಮ ಅವರ ಮರ್ಜಿ. ಫಿನಾಕ್ಸಿಎಥನಾಲ್ ಇಲ್ಲದ ಪಟ್ಟಿಯಲ್ಲಿ ಝ್ಯಾಂಥನ್ ಗಮ್, ಕಾರ್ಬೋಮರ್, ಡೈಸೋಡಿಯಂ ಇಡಿಟಿಎ ಇವುಗಳಲ್ಲಿ ಮೊದಲು ಸಿಕ್ಕಿದ್ದನ್ನು ಗುರುತಾಗಿ ಇಟ್ಟುಕೊಳ್ಳಿ. ಇವು ಶೇ 1ನ್ನು ದಾಟುವುದು ಅಪರೂಪ.

ನಿಮ್ಮ ಸೀರಮ್ಮಿನ ಪಟ್ಟಿ ಹೀಗಿದೆ: ನೀರು, ನಿಯಾಸಿನಮೈಡ್, ಗ್ಲಿಸರಿನ್, ಬ್ಯುಟಿಲೀನ್ ಗ್ಲೈಕಾಲ್, ಟ್ರಾನೆಕ್ಸಾಮಿಕ್ ಆ್ಯಸಿಡ್, ಫಿನಾಕ್ಸಿಎಥನಾಲ್, ಝ್ಯಾಂಥನ್ ಗಮ್, ಸೋಡಿಯಂ ಹೈಲುರೊನೇಟ್, ಡೈಸೋಡಿಯಂ ಇಡಿಟಿಎ, ಸಿಟ್ರಿಕ್ ಆ್ಯಸಿಡ್. ಬಾಟಲಿಯ ಮುಂಭಾಗದಲ್ಲಿ ‘ನಿಯಾಸಿನಮೈಡ್ ಶೇ 5’ ಎಂಬ ಘೋಷಣೆ ಇದೆ. ಅದು ನಿಜವೆಂದು ಹಿಡಿದರೆ, ಅದರ ನಂತರ ಬರುವ ಗ್ಲಿಸರಿನ್ ಶೇ 5ಕ್ಕಿಂತ ಹೆಚ್ಚಿರಲು ಸಾಧ್ಯವಿಲ್ಲ, ಬ್ಯುಟಿಲೀನ್ ಗ್ಲೈಕಾಲ್ ಗ್ಲಿಸರಿನ್‌ಗಿಂತ ಹೆಚ್ಚಿರಲು ಸಾಧ್ಯವಿಲ್ಲ. ಒಂದು ಅಂಕಿ ಸಿಕ್ಕಿದರೆ ಸಾಕು, ಸುತ್ತಲಿನ ನಾಲ್ಕಾರು ಘಟಕಗಳಿಗೆ ಬೇಲಿ ಹಾಕಿದಂತಾಗುತ್ತದೆ. ಟ್ರಾನೆಕ್ಸಾಮಿಕ್ ಆ್ಯಸಿಡ್ ಕೂಡ ಬಂಗಿಗೆ ಬಳಕೆಯಲ್ಲಿರುವ ಘಟಕವೇ, ಆದರೆ ಅದು ಫಿನಾಕ್ಸಿಎಥನಾಲ್‌ನ ಹೊಸ್ತಿಲಲ್ಲೇ ನಿಂತಿದೆ. ಶೇ 2 ಇದ್ದರೂ ಇರಬಹುದು, ಶೇ 0.5 ಇದ್ದರೂ ಇರಬಹುದು. ಪ್ರಮಾಣವನ್ನು ಮುಂಭಾಗದಲ್ಲಿ ಘೋಷಿಸಿಲ್ಲವಾದ್ದರಿಂದ ಅದನ್ನು ನಾನು ಲೆಕ್ಕಕ್ಕೆ ಸೇರಿಸುವುದಿಲ್ಲ.

ಕ್ರೀಮಿನ ಪಟ್ಟಿ ಇನ್ನೊಂದು ಕಥೆ: ನೀರು, ಗ್ಲಿಸರಿನ್, ಕ್ಯಾಪ್ರಿಲಿಕ್ ಕ್ಯಾಪ್ರಿಕ್ ಟ್ರೈಗ್ಲಿಸರೈಡ್, ಸೀಟರಿಲ್ ಆಲ್ಕೊಹಾಲ್, ಡೈಮೆಥಿಕೋನ್, ಗ್ಲಿಸರಿಲ್ ಸ್ಟಿಯರೇಟ್, ಫಿನಾಕ್ಸಿಎಥನಾಲ್, ಪರ್ಫ್ಯೂಮ್, ಕ್ರೋಕಸ್ ಸಟೈವಸ್ ಸಾರ, ಕುರ್ಕುಮಾ ಲಾಂಗಾ ಸಾರ, ನಿಯಾಸಿನಮೈಡ್, ಸೋಡಿಯಂ ಹೈಲುರೊನೇಟ್, ಲಿನಾಲೂಲ್, ಲಿಮೊನೀನ್. ಕ್ರೋಕಸ್ ಎಂದರೆ ಡಬ್ಬಿಯ ಮೇಲೆ ಚಿನ್ನದ ಬಣ್ಣದಲ್ಲಿ ಮುದ್ರಿಸಿರುವ ಕೇಸರಿ, ಕುರ್ಕುಮಾ ಎಂದರೆ ನಮ್ಮ ಅರಿಶಿನ. ಎರಡೂ, ಅವುಗಳ ಜೊತೆಗೆ ನಿಯಾಸಿನಮೈಡ್ ಕೂಡ, ಫಿನಾಕ್ಸಿಎಥನಾಲ್‌ನ ಆಚೆಗಿವೆ. ಅಂದರೆ ಈ ಕ್ರೀಮಿನಲ್ಲಿ ನಿಯಾಸಿನಮೈಡ್ ಹೆಚ್ಚೆಂದರೆ ಶೇ 1. ಕಲೆ ತಿಳಿಯಾಗಿಸುವುದರಲ್ಲಿ ಅದನ್ನು ಪರೀಕ್ಷಿಸಿದ ಅಧ್ಯಯನಗಳಲ್ಲಿ ಬಳಸಿದ ಪ್ರಮಾಣ ಬಹುಮಟ್ಟಿಗೆ ಶೇ 2ರಿಂದ 5. ಜಪಾನಿನ ಮಹಿಳೆಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲಿ ಶೇ 5ರ ಕ್ರೀಮ್ ನಾಲ್ಕು ವಾರಗಳಲ್ಲಿ ಕಲೆಗಳನ್ನು ಕಣ್ಣಿಗೆ ಕಾಣುವಷ್ಟು ಕಡಿಮೆ ಮಾಡಿತ್ತು. ಚರ್ಮದಲ್ಲಿ ಬಣ್ಣ ತಯಾರಾಗುವುದನ್ನು ಅದು ತಡೆಯುವುದಿಲ್ಲ, ತಯಾರಾದ ಬಣ್ಣದ ಪೊಟ್ಟಣಗಳು ಮೇಲಿನ ಕೋಶಗಳಿಗೆ ಸಾಗುವುದನ್ನು ಕಡಿಮೆ ಮಾಡುತ್ತದೆ. ಸಾಗಣೆಯ ದಾರಿಗೆ ಅಡ್ಡ ನಿಲ್ಲಲು ಸಾಕಷ್ಟು ಪ್ರಮಾಣ ಬೇಕು.

ಕೇಸರಿ ಆ ಪಟ್ಟಿಗೆ ಹೇಗೆ ಬರುತ್ತದೆ ಎಂಬುದನ್ನು ನಾನು ಹತ್ತಿರದಿಂದ ಬಲ್ಲೆ, ಏಕೆಂದರೆ ಕ್ರೀಮುಗಳ ಸೂತ್ರ ಬರೆಯುವುದೇ ನನ್ನ ಕಸುಬು. ಒಮ್ಮೆ ನೂರು ಕಿಲೋ ಕ್ರೀಮಿನ ಪಾತ್ರೆ ತಿರುಗುತ್ತಿದ್ದಾಗ ಮಾರಾಟ ವಿಭಾಗದಿಂದ ‘ಕೇಸರಿಯನ್ನೂ ಹಾಕಿಬಿಡಿ’ ಎಂಬ ಸಂದೇಶ ಬಂತು. ಎಷ್ಟು ಎಂದು ಕೇಳಿದ್ದಕ್ಕೆ ‘ಹೆಸರು ಬರೆಯುವಷ್ಟು’ ಎಂಬ ಉತ್ತರ. ಹತ್ತು ಗ್ರಾಂ ತೂಗಿ ಸುರಿದೆವು. ಅಂದರೆ ಶೇ 0.01. ಅದೂ ಶುದ್ಧ ಕೇಸರಿಯಲ್ಲ, ಗ್ಲಿಸರಿನ್ನಿನಲ್ಲಿ ಕರಗಿಸಿ ಕ್ಯಾನಿನಲ್ಲಿ ಬರುವ ದ್ರವಸಾರ. ಸುರಿದ ಮೇಲೆ ಕ್ರೀಮಿನ ಬಣ್ಣ ಕೂಡ ಬದಲಾಗಲಿಲ್ಲ. ನಮ್ಮ ಉದ್ಯಮದಲ್ಲಿ ಇದಕ್ಕೆ ‘ಏಂಜೆಲ್ ಡಸ್ಟಿಂಗ್’ ಎಂಬ ನಾಜೂಕಿನ ಹೆಸರಿದೆ. ಕನ್ನಡದಲ್ಲಿ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದರೆ ಮುಗಿಯಿತು.

ಹಾಗೆಂದು ಗೆರೆಯ ಕೆಳಗಿರುವುದೆಲ್ಲ ಬೂಟಾಟಿಕೆ ಎಂದು ತೀರ್ಮಾನಿಸಿದರೆ ಅದೂ ತಪ್ಪಾಗುತ್ತದೆ, ಮತ್ತು ಅರ್ಧ ಕಲಿತವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಸಾರಿಗೆ ಬೇಳೆ ಹಿಡಿಗಟ್ಟಲೆ ಬೇಕು, ಇಂಗು ಚಿಟಿಕೆಗಿಂತ ಹೆಚ್ಚಾದರೆ ಸಾರೇ ಕೆಡುತ್ತದೆ. ಚರ್ಮದಲ್ಲಿ ನೀರನ್ನು ಹಿಡಿದಿಡುವ ಸೋಡಿಯಂ ಹೈಲುರೊನೇಟ್ ಇಂಗಿನ ಜಾತಿಯದು. ಅದರ ಒಂದು ಗ್ರಾಂ ಬಿಳಿ ಪುಡಿಯನ್ನು ನೂರು ಮಿ.ಲೀ. ನೀರಿನ ಮೇಲೆ ಉದುರಿಸಿದರೆ ಮೊದಲು ಮೀನಿನ ಕಣ್ಣಿನಂಥ ಗಂಟುಗಳಾಗಿ ತೇಲುತ್ತದೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿದರೆ ಬೀಕರು ಓರೆ ಮಾಡಿದರೂ ಸುಲಭವಾಗಿ ಹರಿಯದ, ಲೋಳೆಸರದ ತಿರುಳಿನಂಥ ಮಂದ ಜೆಲ್ ಆಗಿರುತ್ತದೆ. ಶೇ 1ಕ್ಕೇ ಹೀಗಾಗುವಾಗ ಸೀರಮ್ಮಿನಲ್ಲಿ ಅದನ್ನು ಪಟ್ಟಿಯ ಮೇಲ್ಭಾಗದಲ್ಲಿ ಹುಡುಕುವುದರಲ್ಲಿ ಅರ್ಥವಿಲ್ಲ. ಸುಕ್ಕಿಗೆ ಬಳಸುವ, ಎ ಜೀವಸತ್ವದ ರೂಪವಾದ ರೆಟಿನಾಲ್ ಕೂಡ ಹೀಗೆಯೇ. 2024ರಲ್ಲಿ ಯುರೋಪು ಅದಕ್ಕೆ ಮುಖದ ಕ್ರೀಮುಗಳಲ್ಲಿ ಶೇ 0.3ರ ಮಿತಿ ಹಾಕಿದ್ದರಿಂದ ಅಲ್ಲಿಯ ನಿಯಮ ಪಾಲಿಸುವ ಯಾವ ಕ್ರೀಮಿನಲ್ಲೂ ಅದು ಗೆರೆಯ ಮೇಲೆ ಬರಲಾರದು. ಚರ್ಮದಲ್ಲೇ ಇರುವ ಕೊಬ್ಬಿನಂಶಗಳಾದ ಸೆರಮೈಡ್‌ಗಳದ್ದೂ ಅದೇ ದಾರಿ. ನಿಯಾಸಿನಮೈಡ್, ಗ್ಲೈಕಾಲಿಕ್ ಆ್ಯಸಿಡ್, ಸಿ ಜೀವಸತ್ವ, ಗ್ಲಿಸರಿನ್ ಇವು ಬೇಳೆಯ ಜಾತಿಯವು. ಯಾವುದು ಯಾವ ಜಾತಿ ಎಂಬುದನ್ನು ತಿಳಿಯದೆ ಬರಿಯ ಸ್ಥಾನ ನೋಡಿ ತೀರ್ಪು ಕೊಡುವುದು ಸರಿಯಲ್ಲ.

ಬೆಲೆಯ ಪ್ರಶ್ನೆಗೆ ಈಗ ಉತ್ತರ ಕೊಡಬಹುದು. ಮಿ.ಲೀ. ಒಂದಕ್ಕೆ ಸೀರಮ್ ಸುಮಾರು 11 ರೂಪಾಯಿ 60 ಪೈಸೆ, ಕ್ರೀಮ್ ಗ್ರಾಂ ಒಂದಕ್ಕೆ 29 ರೂಪಾಯಿ. ಬಂಗಿಗೆಂದು ಕೊಂಡಿದ್ದರೆ ನೀವು ಎರಡೂವರೆ ಪಟ್ಟು ಬೆಲೆ ತೆತ್ತು ನಿಯಾಸಿನಮೈಡ್‌ನ ಐದನೆಯ ಒಂದು ಪಾಲನ್ನೋ ಅದಕ್ಕಿಂತ ಕಡಿಮೆಯನ್ನೋ ಪಡೆದಿದ್ದೀರಿ. ಆದರೆ ಆ ಕ್ರೀಮು ಕೆಟ್ಟದ್ದಲ್ಲ. ಗ್ಲಿಸರಿನ್ ನೀರನ್ನು ಹಿಡಿದಿಡುತ್ತದೆ, ಟ್ರೈಗ್ಲಿಸರೈಡ್ ಚರ್ಮವನ್ನು ಮೃದುವಾಗಿಸುತ್ತದೆ, ಡೈಮೆಥಿಕೋನ್ ಮೇಲೊಂದು ತೆಳು ಪೊರೆ ಹಾಸುತ್ತದೆ. ಒಣ ಚರ್ಮಕ್ಕೆ ಒಳ್ಳೆಯ ಮಾಯಿಶ್ಚರೈಸರ್. ಅದೇ ಚೌಕಟ್ಟಿನ ಕ್ರೀಮುಗಳು ಇದರ ಕಾಲು ಭಾಗದ ಬೆಲೆಗೆ ಯಾವುದೇ ಔಷಧ ಅಂಗಡಿಯಲ್ಲಿ ಸಿಗುತ್ತವೆ ಎಂಬುದು ಬೇರೆ ಮಾತು. ಉಳಿದ ಹಣ ದಪ್ಪ ಗಾಜಿನ ಡಬ್ಬಿಗೆ, ಪರಿಮಳಕ್ಕೆ, ಜಾಹೀರಾತಿಗೆ ಹೋಗಿದೆ.

ಪರಿಮಳದ ಬಗ್ಗೆ ಒಂದು ಮಾತು. ‘ಪರ್ಫ್ಯೂಮ್’ ಎಂಬ ಒಂದೇ ಪದದ ಹಿಂದೆ ಹತ್ತಾರು ರಾಸಾಯನಿಕಗಳು ಇರಬಹುದು. ಕೊನೆಯಲ್ಲಿರುವ ಲಿನಾಲೂಲ್, ಲಿಮೊನೀನ್‌ಗಳು ಆ ಸುಗಂಧದ ತುಣುಕುಗಳೇ. ಮುಖಕ್ಕೆ ಹಚ್ಚಿ ಬಿಡುವ ಉತ್ಪನ್ನದಲ್ಲಿ ಅವು ಶೇ 0.001ನ್ನು ದಾಟಿದರೆ ಹೆಸರಿಸಬೇಕೆಂದು ಯುರೋಪಿನ ನಿಯಮವಿದೆ, ಏಕೆಂದರೆ ಕೆಲವರಿಗೆ ಅವು ಅಲರ್ಜಿ ತರುತ್ತವೆ. ನಮ್ಮ ಕಂದು ಚರ್ಮದಲ್ಲಿ ಉರಿಯೂತ ಮಾಗಿದ ಜಾಗ ಕಪ್ಪಾಗಿ ಉಳಿಯುವುದು ಸಾಮಾನ್ಯವಾದ್ದರಿಂದ, ಬಂಗು ಇರುವವರು ಕಿರಿಕಿರಿ ತರಬಹುದಾದ ಪರಿಮಳವನ್ನು ಮುಖದಿಂದ ದೂರವಿಡುವುದು ಮೇಲು. ನನ್ನ ಮಟ್ಟಿಗೆ ಈ ಕ್ರೀಮಿನ ನಿಜವಾದ ಕೊರತೆ ಇದೇ, ಮತ್ತು ನಿಮ್ಮ ಆ್ಯಪ್ ಇದನ್ನು ಬಿಟ್ಟು ಸೀಟರಿಲ್ ಆಲ್ಕೊಹಾಲ್‌ಗೆ ಕೆಂಪು ಗುರುತು ಹಾಕಿದೆ.

ಸೀಟರಿಲ್ ಆಲ್ಕೊಹಾಲ್ ಹೆಸರಿಗಷ್ಟೇ ಆಲ್ಕೊಹಾಲ್. ಕೈಗೆ ತೆಗೆದುಕೊಂಡರೆ ಅದು ಮೇಣದ ಬಿಳಿ ಚೂರುಗಳಂತಿರುತ್ತದೆ. ಕ್ರೀಮಿಗೆ ಮಂದತೆ ಕೊಡುವುದು, ಚರ್ಮವನ್ನು ಮೃದುಗೊಳಿಸುವುದು ಅದರ ಕೆಲಸ. ಸೀಟಿಲ್, ಸ್ಟಿಯರಿಲ್ ಆಲ್ಕೊಹಾಲ್‌ಗಳೂ ಇದರ ಒಡಹುಟ್ಟುಗಳು. ಚರ್ಮವನ್ನು ಒಣಗಿಸುವುದು ಪಟ್ಟಿಯ ಮೇಲ್ಭಾಗದಲ್ಲಿ ಬರಿಯ ‘ಆಲ್ಕೊಹಾಲ್’ ಅಥವಾ ‘ಆಲ್ಕೊಹಾಲ್ ಡಿನ್ಯಾಚರ್ಡ್’ ಎಂದು ಬರೆದಿರುವ ಎಥನಾಲ್. ಫಿನಾಕ್ಸಿಎಥನಾಲ್‌ಗೆ ಬಿದ್ದ ಕೆಂಪು ಗುರುತಿನ ಹಿಂದೆ ಸಂರಕ್ಷಕಗಳ ಬಗೆಗಿನ ಹಳೆಯ ಭಯವಿದೆ. ನೀರಿರುವ ಯಾವುದೇ ಕ್ರೀಮು ಸಂರಕ್ಷಕವಿಲ್ಲದಿದ್ದರೆ ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. 2004ರ ನಂತರ ಪ್ಯಾರಾಬೆನ್ ಎಂಬ ಹಳೆಯ ಸಂರಕ್ಷಕಗಳ ಬಗ್ಗೆ ಹಬ್ಬಿದ ಹೆದರಿಕೆಯಿಂದ ಹಲವು ಕಂಪನಿಗಳು ಅವನ್ನು ಕೈಬಿಟ್ಟು ಮೀಥೈಲ್‌ಐಸೋಥಯಾಝೋಲಿನೋನ್ ಎಂಬ ಸಂರಕ್ಷಕಕ್ಕೆ ಹೊರಳಿದವು. ಅದರಿಂದ ಎಷ್ಟೊಂದು ಜನರಿಗೆ ಚರ್ಮದ ಅಲರ್ಜಿಯಾಯಿತೆಂದರೆ 2013ರಲ್ಲಿ ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ ಅದನ್ನು ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿತು; ಹಚ್ಚಿ ಬಿಡುವ ಉತ್ಪನ್ನಗಳಲ್ಲಿ ಅದನ್ನು ಯುರೋಪು 2017ರಲ್ಲಿ ನಿಷೇಧಿಸಿತು. ಅದೇ ಸೊಸೈಟಿ 2019ರಲ್ಲಿ ಪ್ಯಾರಾಬೆನ್‌ಗಳನ್ನು ಎತ್ತಿಕೊಂಡು ವರ್ಷದ ‘ಅಲರ್ಜಿಕಾರಕವಲ್ಲದ್ದು’ ಎಂದು ಘೋಷಿಸಿತು. ಹೆಸರೊಂದಕ್ಕೆ ಬಣ್ಣ ಹಚ್ಚುವ ಆ್ಯಪ್‌ಗಳು ಪ್ರಮಾಣವನ್ನು ನೋಡುವುದಿಲ್ಲ, ಹಚ್ಚಿ ತೊಳೆಯುವುದೋ ಹಚ್ಚಿ ಬಿಡುವುದೋ ಎಂಬುದನ್ನು ಹೆಚ್ಚಿನವು ಕೇಳುವುದೂ ಇಲ್ಲ.

ಪಟ್ಟಿ ಹೇಳಲಾಗದ ಸಂಗತಿಗಳೂ ಇವೆ. ಆಮ್ಲೀಯತೆ ಅದರಲ್ಲಿ ಮುಖ್ಯವಾದದ್ದು. ಆಸ್ಕಾರ್ಬಿಕ್ ಆ್ಯಸಿಡ್ ರೂಪದ ಸಿ ಜೀವಸತ್ವ ಚರ್ಮದೊಳಗೆ ಇಳಿಯಬೇಕಾದರೆ ಆಮ್ಲೀಯತೆಯ ಅಳತೆಯಾದ ಪಿಎಚ್ 3.5ಕ್ಕಿಂತ ಕೆಳಗಿರಬೇಕು, ಮತ್ತು ಗಾಳಿ ಬೆಳಕು ತಾಗಿ ಕಂದುಬಣ್ಣಕ್ಕೆ ತಿರುಗಿದ ಸೀರಮ್ಮಿನಲ್ಲಿ ಪಟ್ಟಿ ಮೊದಲಿನಂತೆಯೇ ಇದ್ದರೂ ಒಳಗಿನ ಸರಕು ಹೋಗಿರುತ್ತದೆ. ನಿಯಾಸಿನಮೈಡ್ ಈ ವಿಷಯದಲ್ಲಿ ಸಾಧು. ಸಾಧಾರಣ ಬಾಟಲಿಯಲ್ಲೂ ಬಾಳುತ್ತದೆ. ಆದ್ದರಿಂದಲೇ ಅದಕ್ಕೆ ದುಬಾರಿ ಪ್ಯಾಕಿಂಗ್ ಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಆಯುರ್ವೇದದ ಹೆಸರಿನಲ್ಲಿ ಪರವಾನಗಿ ಪಡೆದ ಕ್ರೀಮುಗಳ ಲೇಬಲ್ ಬೇರೆ ಬಗೆಯದು: ಗಿಡಮೂಲಿಕೆಗಳ ಹೆಸರು ಮಿಲಿಗ್ರಾಂ ಲೆಕ್ಕದಲ್ಲಿ ಇರುತ್ತದೆ, ಆದರೆ ಕೊನೆಗೆ ‘ಕ್ರೀಮ್ ಬೇಸ್, ಕ್ಯೂ.ಎಸ್.’ ಎಂದು ಮುಗಿದಿರುತ್ತದೆ. ಬೇಕಾದಷ್ಟು ಎಂಬುದು ಅದರ ಅರ್ಥ. ಡಬ್ಬಿಯ ಬಹುಪಾಲು ತುಂಬಿರುವುದು ಆ ಬೇಸ್. ಅದರೊಳಗೆ ಏನಿದೆ ಎಂಬುದು ಮಾತ್ರ ನಿಮಗೆ ಕಾಣುವುದಿಲ್ಲ. ಇನ್ನು ತಯಾರಕರ ವಿಳಾಸವಾಗಲಿ ಪಟ್ಟಿಯಾಗಲಿ ಇಲ್ಲದ ‘ಬಿಳಿಯಾಗಿಸುವ’ ಕ್ರೀಮುಗಳನ್ನು ಹೋಲಿಸುವ ಗೊಡವೆಗೇ ಹೋಗಬೇಡಿ. ಪಾದರಸ ಸಿಕ್ಕಿರುವುದು ಹೆಚ್ಚಾಗಿ ಅಂಥವುಗಳಲ್ಲಿಯೇ.

ನೀವು ಸೀರಮ್ಮನ್ನು ಮುಂದುವರಿಸಬಹುದು. ಮೊದಲು ಮೊಣಕೈಯ ಒಳಮಡಿಕೆಯಲ್ಲಿ ನಾಣ್ಯದಗಲದ ಜಾಗಕ್ಕೆ ದಿನಕ್ಕೆರಡು ಬಾರಿಯಂತೆ ಒಂದು ವಾರ ಹಚ್ಚಿ ನೋಡಿ. ತುರಿಕೆ, ಕೆಂಪು ಇಲ್ಲವಾದರೆ ಮುಖಕ್ಕೆ ಹಚ್ಚಿ, ಎರಡು ಮೂರು ತಿಂಗಳು ಕಾಯಿರಿ. ಅದು ಮುಗಿದ ಮೇಲೆ ಶೇ 10ರದ್ದಕ್ಕೆ ಏರುವ ಅಗತ್ಯವಿಲ್ಲ, ಕೆಲವರಿಗೆ ಅದು ಉರಿ ತರುತ್ತದೆ.

ಆದರೆ ನಿಮ್ಮ ಮೂರು ಡಬ್ಬಿಗಳಲ್ಲಿ ಬಂಗಿಗೆ ಎಲ್ಲಕ್ಕಿಂತ ಮುಖ್ಯವಾದದ್ದೇ ಇಲ್ಲ: ಸನ್‌ಸ್ಕ್ರೀನ್. ಬಂಗನ್ನು ಕಪ್ಪಾಗಿಸುವುದು ನೇರಳಾತೀತ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕು ಕೂಡ, ಅದರಲ್ಲೂ ಕಂದು ಚರ್ಮದವರಲ್ಲಿ. ತರಗತಿಯ ಕಿಟಕಿಯ ಗಾಜು ಅದನ್ನು ತಡೆಯುವುದಿಲ್ಲ. ಸಾಮಾನ್ಯ ಸನ್‌ಸ್ಕ್ರೀನ್‌ಗಳೂ ಅದನ್ನು ಅಷ್ಟಾಗಿ ತಡೆಯಲಾರವು. ತಡೆಯುವುದು ಐರನ್ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ ‘ಟಿಂಟೆಡ್’ ಸನ್‌ಸ್ಕ್ರೀನ್. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದನ್ನು ಆರಿಸಿ, ತೋರುಬೆರಳು ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಎಳೆದಷ್ಟನ್ನು ಮುಖ ಮತ್ತು ಕತ್ತಿಗೆ ಹಚ್ಚಿ. ಶಾಲೆಗೆ ಹೊರಡುವ ಮುನ್ನ ಒಮ್ಮೆ, ಮಧ್ಯಾಹ್ನದ ಬಿಡುವಿನಲ್ಲಿ ಇನ್ನೊಮ್ಮೆ. ಐರನ್ ಆಕ್ಸೈಡ್ ಪಟ್ಟಿಯಲ್ಲಿ ಅದೇ ಹೆಸರಿನಲ್ಲಿ ಸಿಗದಿರಬಹುದು. ಸಿಐ 77491, 77492, 77499 ಎಂಬ ಅಂಕಿಗಳನ್ನು ಹುಡುಕಿ. ಬಣ್ಣಗಳನ್ನು ಸಾಮಾನ್ಯವಾಗಿ ಕಟ್ಟಕಡೆಗೆ ಬರೆಯುವುದರಿಂದ ಅವು ಫಿನಾಕ್ಸಿಎಥನಾಲ್‌ನ ಆಚೆಗೇ ಇರುತ್ತವೆ, ಅಲ್ಲಿ ಮಾತ್ರ ನಮ್ಮ ಗೆರೆಯ ಲೆಕ್ಕ ನಡೆಯುವುದಿಲ್ಲ.